ಎಣ್ಣೆ ಕುಡಿದ ಕಲ್ಲು

ಚಳ್ಳಕೆರೆ ದಾಟಿ ಆರು ಮೈಲಿ.
ಬೇವಿನ ಬುಡದಲ್ಲಿ ಎದೆಮಟ್ಟದ ವೀರಗಲ್ಲು.
ಅಕ್ಷರವಿಲ್ಲ.
ನಮ್ಮ ಪಟ್ಟಿಯಲ್ಲಿ ಅದು ಸಂಖ್ಯೆ ನಲವತ್ತೇಳು,
ಹಟ್ಟಿಯವರಿಗೆ ಈರಪ್ಪ,
ಸಣ್ಣತಿಮ್ಮಕ್ಕನಿಗೆ ಬರೀ ಅಪ್ಪ.

ಹದಿನೆಂಟು ವರ್ಷ ಸ್ಟುಡಿಯೋದಲ್ಲಿ
ಪಾಸ್‌ಪೋರ್ಟ್ ಸೈಜಿನ ಮುಖ ತೆಗೆದವನು ನಾನು.
ಗದ್ದ ಸ್ವಲ್ಪ ಮೇಲೆ, ಕಣ್ಣು ಮಿಟುಕಿಸಬೇಡಿ,
ಬಾಯಿಗೆ ಅಂಟಿದ ಮಾತು.
ಕಲ್ಲಿನ ಮುಂದೆ ಮಂಡಿಯೂರಿದಾಗಲೂ ಬಂತು.
ಓಬಳೇಶ ನಕ್ಕ.
ಕಲ್ಲು ಮಿಟುಕಿಸಲಿಲ್ಲ,
ಮಿಂಚಿತು.

ಅದೇ ತಕರಾರು.
ಎಷ್ಟು ತಲೆಮಾರಿನ ಶೇಂಗಾ ಎಣ್ಣೆಯೋ,
ಮೊದಲು ಗಾಣದ್ದು, ಆಮೇಲೆ ಮಿಲ್ಲಿನದು,
ಕುಡಿದು ಕುಡಿದು ಕಪ್ಪಾದ ಮೈ.
ನಾನು ಒಂದು ಹೆಜ್ಜೆ ಸರಿದರೆ
ಹೊಳಪೂ ಒಂದು ಹೆಜ್ಜೆ ಸರಿಯುತ್ತದೆ.
ಕಂಪ್ಯೂಟರಿಗೆ ದಿಕ್ಕು ತಪ್ಪುವುದು ಅಲ್ಲೇ:
ನಿಂತಲ್ಲಿ ನಿಲ್ಲುವುದನ್ನು ಮಾತ್ರ ಅದು ನಂಬುತ್ತದೆ.

‘ಅಮ್ಮಾ, ಇವತ್ತೊಂದಿನ ಎಣ್ಣೆ ಬೇಡ.’
‘ಬೆಳಗ್ಗೆ ನೀನು ಉಂಡ್ಯಾ?’
‘ಉಂಡೆ.’
‘ಮತ್ತೆ?’

ಕೊನೆಗೆ ರಾಜಿಯಾಯಿತು.
ಹೊತ್ತು ನೆತ್ತಿಗೆ ಬರುವ ತನಕ ಕಲ್ಲು ನನ್ನದು,
ಆಮೇಲೆ ಅವಳದು.
ತಾನೇ ಒರೆಸಿಕೊಟ್ಟಳು ಸೆರಗಿನಿಂದ,
ಭಕ್ತಿಯಿಂದೇನಲ್ಲ,
ರೊಟ್ಟಿ ಹಂಚು ಒರೆಸಿದ ಹಾಗೆ, ಗಸಗಸ.
ಅವಳದೇ ಕೌದಿ ಎತ್ತಿ ಹಿಡಿದು
ಓಬಳೇಶ ನೆರಳಾದ.

ಕೂತು, ಬಗ್ಗಿ, ಕುಕ್ಕರಗಾಲಲ್ಲಿ ಸರಿದು
ಒಂದರ ಮೇಲೊಂದು ಅರ್ಧ ಹೊದಿಸಿ,
ಸೂರಿಗೆ ಹೆಂಚು ಕೂರಿಸಿದ ಹಾಗೆ,
ನೂರಾ ಅರವತ್ತೆರಡು ಚಿತ್ರ.
ಒಂದೇ ಕಣ್ಣು ಕಂಡದ್ದು ಇಲ್ಲಿ ಲೆಕ್ಕಕ್ಕಿಲ್ಲ.
ಕತ್ತಿಯ ತುದಿ ಮೂರು ಕಡೆಯಿಂದ ಕಂಡರೆ
ಆಗ ಅದು ಕತ್ತಿಯ ತುದಿ,
ಪಂಚಾಯ್ತಿ ಕಟ್ಟೆಯ ಸಾಕ್ಷಿಯಂತೆ.

ಹಿಂದಕ್ಕೆ ಮಾತ್ರ ಹೋಗಲಾಗಲಿಲ್ಲ.
ಬೇವು ಅದನ್ನು ಬೆನ್ನಿನಿಂದ ಅಪ್ಪಿ
ತೊಗಟೆಯೊಳಗೆ ಅರೆ ನುಂಗಿಕೊಂಡಿದೆ.

ರಾತ್ರಿಯೆಲ್ಲ ಲಾಡ್ಜಿನ ಫ್ಯಾನು, ಲ್ಯಾಪ್‌ಟಾಪಿನ ಫ್ಯಾನು
ಪೈಪೋಟಿಗೆ ಬಿದ್ದು ತಿರುಗಿದವು.
ನಾಲ್ಕೂವರೆಗೆ
ಚುಕ್ಕಿಗಳ ದೂಳಿನೊಳಗಿಂದ ಮೊದಲು
ಒಂದು ಮೊಣಕಾಲು ಬಂತು.

ಬೆಳಿಗ್ಗೆ ಒರಳಿನ ಮೇಲಿಟ್ಟು ತೋರಿಸಿದೆ.
ತುರು ಕಾಯ್ದವನು, ಬಿದ್ದವನು,
ಅಪ್ಸರೆಯರ ಹೆಗಲ ಮೇಲೆ ಹೋಗುವವನು,
ಮೂರು ಅಂಕಣದಲ್ಲೂ ಅವನೇ.
‘ತಿರುಗ್ಸು’ ಅಂದಳು.
ತಿರುಗಿಸಿದೆ.
ಬೆನ್ನಿರಬೇಕಾದಲ್ಲಿ ತೂತು,
ಮುಖವಾಡದ ಒಳಮೈಯಂಥ ಟೊಳ್ಳು.

ನಾಚಿಕೆಯಾಯಿತು. ‘ಬೆನ್ನು ಸಿಗಲಿಲ್ಲಮ್ಮಾ.’
‘ಎಲ್ಲಿ ಸಿಗುತ್ತೆ?
ಬೆನ್ನು ತೋರ್ಸಿದ್ರೆ
ಅವನ್ಯಾಕೆ ಕಲ್ಲಾಗ್ತಿದ್ದ?’

ವರದಿಯಲ್ಲಿ ನಾನು ಬರೆದದ್ದು:
ಹಿಂಭಾಗ ದಾಖಲಾಗಿಲ್ಲ, ಮರದ ಅಡ್ಡಿ.

ಓಬಳೇಶ ಏನೋ ಒತ್ತಿದ, ಬಣ್ಣ ಹೋಯಿತು.
ಎಣ್ಣೆ, ಕುಂಕುಮ, ಸುಣ್ಣದ ಪಟ್ಟೆ, ಕಾಗೆಯ ಹಿಕ್ಕೆ
ಎಲ್ಲ ಹೋಗಿ ಬೂದು ಮೈ ಉಳಿಯಿತು.
ಬದಿಯಿಂದ ಬೆಳಕು ಬಿಟ್ಟ.
ಕೆಳಗೆ ಎಡಮೂಲೆಯಲ್ಲಿ, ಕುದುರೆಯ ಗೊರಸಿನ ಹಿಂದೆ
ಒಂದು ಉಬ್ಬು.
ಉಬ್ಬಿಗೆ ಕಿವಿ. ಬಾಲ.
ಬಾಲ ಮೇಲಕ್ಕೆ ಸುರುಳಿ.
ನಾಯಿ.

ಅವಳು ಎದ್ದು ಹೋಗಿ ಕಲ್ಲನ್ನೇ ತಡವಿದಳು,
ಹೆಬ್ಬೆರಳಿನಿಂದ, ಕಣ್ಣು ಮುಚ್ಚಿ.
‘ಐತೆ’ ಅಂದಳು.
‘ನಲವತ್ತು ವರ್ಷ ಎಣ್ಣೆ ಹಚ್ಚೀನಿ,
ಕಲ್ಲಿನ ಗಂಟು ಅಂದ್ಕಂಡಿದ್ದೆ.’

ತಿಂಗಳ ಮೇಲೆ ಮತ್ತೆ ಹೋದೆ,
ಮರೆತುಬಂದ ಅಳತೆಕೋಲಿಗಾಗಿ.
ಕೋಳಿ ಅಟ್ಟಲು ಹದವಾಗಿದೆ ಎಂದಳು, ಬಿಟ್ಟೆ.
ಈರಪ್ಪ ಮತ್ತೆ ಮಿರಮಿರ.
ಎಡಮೂಲೆಯಲ್ಲಿ, ನೆಲದ ಹತ್ತಿರ,
ಅಲ್ಲಿಗೂ ಒಂದು ಬೆರಳು ಎಣ್ಣೆ,
ಮುಂದೆ ಅಂಗೈಯಗಲ ಸಜ್ಜೆರೊಟ್ಟಿ.

ಕ್ಯಾಮೆರಾ ತಂದಿರಲಿಲ್ಲ.
ಇರುವೆಯ ಸಾಲೊಂದು ರೊಟ್ಟಿಯಿಂದ ಹೊರಟು
ನಾಯಿಯ ಮೇಲೆ ಹತ್ತಿ, ಕುದುರೆ ದಾಟಿ,
ಕಲ್ಲಿನ ಅಂಚಿನಲ್ಲಿ ತಿರುಗಿ
ಬೆನ್ನಿನ ಕಡೆಗೆ ಹೋಗುತ್ತಿತ್ತು.